ಶೇಕಡಾ 7.2: ಒಂದು ಅಂಕಿಯ ವಿಮರ್ಶೆ

2023ರ ಅಕ್ಟೋಬರಿನಲ್ಲಿ ಜಾಗತಿಕ ಹಸಿವು ಸೂಚ್ಯಂಕ ಹೊರಬಿದ್ದು, 125 ದೇಶಗಳ ಪೈಕಿ ಭಾರತ 111ನೆಯದಾದಾಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಸಿಟ್ಟಿನಿಂದ ಒಂದು ಉತ್ತರ ಕೊಟ್ಟಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಕೃಶರು, ಎಂದರೆ ಎತ್ತರಕ್ಕೆ ತಕ್ಕ ತೂಕವಿಲ್ಲದವರು, ಶೇ. 18.7ರಷ್ಟಿದ್ದಾರೆ ಎಂದು ಸೂಚ್ಯಂಕದವರು ಹಿಡಿದಿದ್ದರು. ಅಂಗನವಾಡಿ ಮಕ್ಕಳ ಅಳತೆ ದಾಖಲಿಸುವ ಆ್ಯಪ್ ಆದ ನಮ್ಮ ಪೋಷಣ್ ಟ್ರ್ಯಾಕರ್‌ನಲ್ಲಿ ತಿಂಗಳು ತಿಂಗಳೂ ನೋಡಿದರೂ ಅದು ಶೇ. 7.2 ದಾಟಿಲ್ಲವಲ್ಲ ಎಂದಿತು ಸಚಿವಾಲಯ. ಅಂದಿನಿಂದ ಈ 7.2ಕ್ಕೆ ಒಂದು ವರ್ಚಸ್ಸು ಬಂದಿದೆ. ಭಾಷಣಗಳಲ್ಲಿ ಬಂತು, ಅಂಕಣಗಳಲ್ಲಿ ಬಂತು. ಆ್ಯಪ್‌ಗೆ ಇ-ಆಡಳಿತದ ರಾಷ್ಟ್ರೀಯ ಪ್ರಶಸ್ತಿ ಬಂತು, ನಾಗರಿಕ ಸೇವಾ ದಿನದಂದು ಪ್ರಧಾನಮಂತ್ರಿ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದ ಕೃತಿಯನ್ನು ಯಾರೂ ಓದುವುದಿಲ್ಲ ಎಂಬುದು ಸಾಹಿತ್ಯದಲ್ಲಿ ಹಳೆಯ ದೂರು. ಅದು ಇಲ್ಲಿಗೂ ಸಲ್ಲುತ್ತದೆ.

ಈ ಅಂಕಿ ಹುಟ್ಟುವ ಅಂಗನವಾಡಿಯ ಇತಿಹಾಸವನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ಪಾಲಿಗೆ ಬಂದದ್ದು ತಿ. ನರಸೀಪುರ. 2001ರಲ್ಲಿ ಹೂಡಿದ ಆಹಾರ ಹಕ್ಕಿನ ದಾವೆ, ಅದರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶಗಳು, 2018ರ ಪೋಷಣ್ ಅಭಿಯಾನ, 2021ರ ಮಾರ್ಚಿನಲ್ಲಿ ಬಂದ ಟ್ರ್ಯಾಕರ್, ಇವೆಲ್ಲ ಗೊತ್ತಿರುವಂಥವೇ. ಮಕ್ಕಳ ಊಟಕ್ಕೆ ಮೊಟ್ಟೆ ಕೊಡಬೇಕೇ ಬೇಡವೇ ಎಂಬ ಜಗಳವೂ ಗೊತ್ತಿರುವಂಥದೇ. ಕನ್ನಡದಲ್ಲಿ ಮಕ್ಕಳ ಪೌಷ್ಟಿಕತೆಯ ಚರ್ಚೆ ಎಲ್ಲಿಂದ ಹೊರಟರೂ ಎರಡನೇ ಪ್ಯಾರಾದಲ್ಲಿ ಮೊಟ್ಟೆಗೆ ಬಂದು ನಿಲ್ಲುತ್ತದೆ. ಮಗುವಿನ ಬಾಯಿಗೆ ಏನು ಹೋಗಬೇಕೆಂಬ ಬಗ್ಗೆ ನಮಗಿರುವ ಉತ್ಸಾಹದ ಕಾಲುಪಾಲು, ಆ ಮಗುವನ್ನು ಹೇಗೆ ಅಳೆಯುತ್ತಿದ್ದೇವೆ ಎಂಬ ಬಗ್ಗೆ ಇದ್ದಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

ಮೊದಲು ಅಂಕಿಯನ್ನು ಅದರ ಒಡಹುಟ್ಟಿದವರ ಜೊತೆ ಕೂರಿಸಿ ನೋಡೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ದೇಶದಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ, ಎಂದರೆ ಕುಂಠಿತರಾದ ಮಕ್ಕಳು ಶೇ. 35.5, ವಯಸ್ಸಿಗೆ ತಕ್ಕ ತೂಕವಿಲ್ಲದವರು ಶೇ. 32.1, ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ. 19.3. ಕರ್ನಾಟಕದಲ್ಲಿ ಇದೇ ಕ್ರಮದಲ್ಲಿ 35.4, 32.9, 19.5. ಟ್ರ್ಯಾಕರ್‌ನ 2024ರ ಜೂನ್ ತಿಂಗಳ ಲೆಕ್ಕ ಹೀಗಿದೆ: ಅಳೆದ ಸುಮಾರು ಎಂಟೂವರೆ ಕೋಟಿ ಮಕ್ಕಳಲ್ಲಿ ಕುಂಠಿತರು ಶೇ. 35, ಕಡಿಮೆ ತೂಕದವರು ಶೇ. 17, ಕೃಶರು ಶೇ. 5. ಕುಂಠಿತರ ಲೆಕ್ಕ ಕದಲಿಲ್ಲ, ಕಡಿಮೆ ತೂಕದ್ದು ಹೆಚ್ಚುಕಡಿಮೆ ಅರ್ಧವಾಗಿದೆ, ಕೃಶತೆ ಕಾಲುಭಾಗಕ್ಕೆ ಇಳಿದಿದೆ.

ಈ ಮೂರೂ ಲೆಕ್ಕಗಳ ಹಿಂದಿರುವುದು ವಯಸ್ಸು, ತೂಕ, ಎತ್ತರ ಎಂಬ ಮೂರೇ ಅಳತೆಗಳು. ಮಗುವಿನ ವಯಸ್ಸನ್ನು ಕಡಿಮೆ ಬರೆದಿದ್ದರೆ ಕುಂಠಿತರೂ ಕಡಿಮೆಯಾಗಬೇಕಿತ್ತು, ಆಗಿಲ್ಲ. ಎತ್ತರವನ್ನು ಕಡಿಮೆ ಬರೆದಿದ್ದರೆ ಕೃಶರು ಇಳಿಯುತ್ತಾರೆ ನಿಜ, ಆದರೆ ಕುಂಠಿತರು ಏರಬೇಕು. ಜೊತೆಗೆ ಕಡಿಮೆ ತೂಕದ ಲೆಕ್ಕಕ್ಕೆ ಎತ್ತರದ ಸಂಬಂಧವೇ ಇಲ್ಲ, ಅದೇಕೆ ಅರ್ಧವಾಯಿತು? ಉಳಿದದ್ದು ತೂಕ. ತೂಕವೊಂದೇ ಮೇಲೆ ಸರಿದರೆ ಕಡಿಮೆ ತೂಕ, ಕೃಶತೆ ಎರಡೂ ಇಳಿದು ಕುಂಠಿತರು ಇದ್ದಲ್ಲೇ ಇರುತ್ತಾರೆ. ಟ್ರ್ಯಾಕರ್‌ನಲ್ಲಿ ಕಾಣುವುದು ಇದೇ ಚಿತ್ರ. ಒಂದೋ ದೇಶದ ಮಕ್ಕಳೆಲ್ಲ ಕುಳ್ಳಗೇ ಉಳಿದು ಮೈತುಂಬಿಕೊಂಡಿದ್ದಾರೆ, ಇಲ್ಲವೇ ಬರೆದುಕೊಂಡ ತೂಕ ಮೈತುಂಬಿಕೊಂಡಿದೆ.

ಮೊದಲನೆಯದು ಸಾಧ್ಯವೇ ಇಲ್ಲ ಎನ್ನಲಾರೆ. ತೂಕ ಬೇಗ ಏರುತ್ತದೆ, ಎತ್ತರ ನಿಧಾನ. ಉಣಿಸು ಸುಧಾರಿಸಿದರೆ ಮೊದಲು ತುಂಬುವುದು ಮೈ, ಆಮೇಲೆ ಬೆಳೆಯುವುದು ಮೂಳೆ. ಆದರೆ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ದೇಶದ ಕೃಶತೆ 2005-06ರಲ್ಲಿ 19.8, 2015-16ರಲ್ಲಿ 21, 2019-21ರಲ್ಲಿ 19.3. ಹದಿನೈದು ವರ್ಷ ಕದಲದೆ ಕೂತದ್ದು, ಅಂಗನವಾಡಿಗಳು ತಿಂಗಳುಗಟ್ಟಲೆ ಬಾಗಿಲು ಹಾಕಿದ್ದ ಕೊರೊನಾ ಕಾಲವನ್ನು ದಾಟಿದ್ದೇ ತಡ 7ಕ್ಕೆ ಜಾರಿತು ಎಂದರೆ ಅದು ಪವಾಡ. ಪವಾಡಕ್ಕೆ ಸಾಕ್ಷಿ ಕೇಳುವುದು ನಾಸ್ತಿಕತನವಲ್ಲ.

ಈಗ ತಕ್ಕಡಿಯ ಹತ್ತಿರ ಹೋಗೋಣ, ಯಾಕೆಂದರೆ ಕೃತಿಯ ಮೂಲಪಾಠ ಇರುವುದು ಅಲ್ಲಿ. ಮಂಡ್ಯದ ಕಡೆಯ ಒಂದು ಕೇಂದ್ರದಲ್ಲಿ ಕೂತು ತೂಕದ ದಿನ ನೋಡಿದ್ದೇನೆ. ಒಳಕೋಣೆಯಲ್ಲಿ ಸಹಾಯಕಿ ಅನ್ನಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆ. ಹೊರಗೆ ಟೀಚರ್ ಒಬ್ಬರೇ: ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮಗುವಿನ ರಟ್ಟೆ. ಡಿಜಿಟಲ್ ತೂಕದ ಯಂತ್ರ ನೆಲಕ್ಕೆ ಸಮವಾಗಿ ಕೂತಿಲ್ಲ, ಅಡಿಗೆ ರಟ್ಟಿನ ತುಂಡು ಕೊಟ್ಟಿದ್ದಾರೆ. ಮೂರು ವರ್ಷದ ಹುಡುಗಿಗೆ ಉಣ್ಣೆಯ ಸ್ವೆಟರ್, ಒಳಗೆ ಎರಡು ಲಂಗ, ಕಾಲಲ್ಲಿ ಗೆಜ್ಜೆ. ಬಟ್ಟೆ ಬಿಚ್ಚಲು ಹೋದರೆ ಅಳು, ಒಂದು ಮಗು ಅತ್ತರೆ ಇಪ್ಪತ್ತು ಮಕ್ಕಳ ಅಳು. ಬಿಚ್ಚಲಿಲ್ಲ. ಎತ್ತರದ ಪಟ್ಟಿಗೆ ನಿಲ್ಲಿಸಿದಾಗ ಹುಡುಗಿ ಮಂಡಿ ಬಗ್ಗಿಸುತ್ತಾಳೆ. “ನೆಟ್ಟಗೆ ನಿಂತ್ಕೊ ಪುಟ್ಟಿ, ಗೋಡೆಗೆ ಒರಗು” ಅನ್ನುತ್ತಾ ಟೀಚರ್ ತಲೆಯ ಮೇಲೆ ಹಲಗೆ ಇಳಿಸುವ ಹೊತ್ತಿಗೆ ಹಿಮ್ಮಡಿ ಮುಂದೆ ಬಂದಿದೆ.

ನಿಯಮದ ಪ್ರಕಾರ ಎತ್ತರ ಅಳೆಯಲು ಇಬ್ಬರು ಬೇಕು. ಒಬ್ಬರು ಮಂಡಿ, ಹಿಮ್ಮಡಿ ಹಿಡಿಯಬೇಕು, ಇನ್ನೊಬ್ಬರು ತಲೆ ಹಿಡಿದು ಓದಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಮೇಲ್ಪಟ್ಟವರನ್ನು ನಿಲ್ಲಿಸಿ. ಅದಲುಬದಲಾದರೆ 0.7 ಸೆಂಟಿಮೀಟರು ಕೂಡಿಸಬೇಕು ಅಥವಾ ಕಳೆಯಬೇಕು. ಮಿನಿ ಅಂಗನವಾಡಿಗಳಿಗೆ ಸಹಾಯಕಿಯ ಹುದ್ದೆಯೇ ಇರಲಿಲ್ಲ, ಅಲ್ಲಿ ಇನ್ನೊಬ್ಬರನ್ನು ಎಲ್ಲಿಂದ ತರುವುದು? ಮಂಡಿ ಬಗ್ಗಿಸಿದ ಮಗು ಎರಡು ಸೆಂಟಿಮೀಟರು ಕುಳ್ಳಗಾದರೆ, ಆ ಪ್ರಾಯದಲ್ಲಿ ಸೆಂಟಿಮೀಟರೊಂದಕ್ಕೆ ಹೆಚ್ಚುಕಡಿಮೆ 200 ಗ್ರಾಂ ತೂಕ ಹೊಂದಬೇಕಾದ್ದರಿಂದ, ಅದರ ಕೃಶತೆ ನಾಲ್ಕುನೂರು ಗ್ರಾಮಿನಷ್ಟು ಮರೆಯಾಯಿತು. ಸ್ವೆಟರ್, ಲಂಗ, ಗೆಜ್ಜೆ ಇನ್ನೂರು ಮುನ್ನೂರು ಗ್ರಾಂ ಕೂಡಿಸಿದವು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಮೂರು ವರ್ಷದ ಹುಡುಗಿಗೆ ಕಡಿಮೆ ತೂಕದ ಗಡಿ 10.8 ಕಿಲೋ. ಬರಿಮೈಯಲ್ಲಿ 10.6 ತೂಗುವ ಮಗು ಸ್ವೆಟರಿನಲ್ಲಿ 10.9 ತೂಗಿ ಆ್ಯಪ್‌ನಲ್ಲಿ ಹಸಿರಾಗುತ್ತದೆ, ಎಂದರೆ ‘ಸಾಮಾನ್ಯ’ ಆಗುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ.

ಸುಳ್ಳಿನ ಮಾತು ಬಂದದ್ದರಿಂದ ಒಂದು ಗುಂಪಿನ ಜೊತೆ ಇಲ್ಲೇ ಜಗಳ ಮುಗಿಸಬೇಕು. ಟ್ರ್ಯಾಕರ್‌ನ ಅಂಕಿ ನಂಬುವಂತಿಲ್ಲ ಎನ್ನುವವರಲ್ಲಿ ಮುಕ್ಕಾಲು ಮಂದಿಗೆ ಕಾರಣವೂ ಸಿದ್ಧವಿರುತ್ತದೆ: ಟೀಚರುಗಳು ಮನೆಯಲ್ಲಿ ಕೂತು ತುಂಬಿಬಿಡುತ್ತಾರೆ. ಕೂತು ತುಂಬುವುದು ಇಲ್ಲವೇ ಇಲ್ಲ ಎನ್ನುವಷ್ಟು ಮುಗ್ಧ ನಾನಲ್ಲ. ಆದರೆ ಈ ವಿಮರ್ಶೆ ಸೋಮಾರಿ ವಿಮರ್ಶೆ. ಕೇಂದ್ರ ಸರ್ಕಾರದ ಪಾಲಿನ ಗೌರವಧನ 2018ರ ಅಕ್ಟೋಬರಿನಲ್ಲಿ 4,500 ರೂಪಾಯಿಗೆ ಏರಿದ್ದೇ ಕೊನೆಯ ದೊಡ್ಡ ಏರಿಕೆ. ಮಿಕ್ಕದ್ದು ರಾಜ್ಯ ಕೊಟ್ಟಷ್ಟು. ಸರ್ಕಾರಿ ನೌಕರಿ ಅಲ್ಲ, ಗ್ರಾಚ್ಯುಟಿ ಸಿಗಬೇಕು ಎನ್ನಿಸಿಕೊಳ್ಳಲು 2022ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಇಂಥ ಒಬ್ಬರ ಮುಂದೆ ಆ್ಯಪ್ ಇಡುವ ಆಯ್ಕೆ ಏನು? ಮಗು ಕೆಂಪಿಗೆ ಬಂದರೆ ಸೂಪರ್‌ವೈಸರ್ ಫೋನು, ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಸಭೆಯಲ್ಲಿ ವಿವರಣೆ, ಮನೆಗೆ ಮತ್ತೆ ಮತ್ತೆ ಭೇಟಿ, ತಾಲ್ಲೂಕಿನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ತಾಯಿ-ಮಗುವನ್ನು ಕಳಿಸುವ ಹೊಣೆ. ತಾಯಿ ಎರಡು ವಾರ ಕೂಲಿ ಬಿಟ್ಟು, ಮನೆಯಲ್ಲಿ ಇನ್ನೆರಡು ಮಕ್ಕಳನ್ನು ಬಿಟ್ಟು ಹೋಗಲಾರಳು. “ಅವರಪ್ಪನೂ ಹಿಂಗೇ ಸಣ್ಣ ಟೀಚರಮ್ಮ, ನಮ್ ವಂಶವೇ ಹಂಗೆ” ಅನ್ನುತ್ತಾಳೆ. ಮಗು ಹಸಿರಿನಲ್ಲಿ ಇದ್ದರೆ ಇದ್ಯಾವುದೂ ಇಲ್ಲ. 10.7 ಅಂತ ಓದಬೇಕೋ 10.9 ಅಂತ ಓದಬೇಕೋ ಎಂದು ಯಂತ್ರದ ಅಂಕಿ ಅಲ್ಲಾಡುವಾಗ ಕೈ ಯಾವ ಕಡೆ ವಾಲೀತು ಎಂದು ಊಹಿಸಲು ಅಪ್ರಾಮಾಣಿಕತೆಯ ಸಿದ್ಧಾಂತ ಬೇಕಿಲ್ಲ. ಅಳೆಯುವವರನ್ನೇ ಅಳತೆಯ ಫಲಕ್ಕೆ ಹೊಣೆ ಮಾಡಿದ ವ್ಯವಸ್ಥೆ ಇದು. ಆಸ್ಪತ್ರೆಯ ಥರ್ಮಾಮೀಟರು ಜ್ವರ ತೋರಿಸಿದ್ದಕ್ಕೆ ನರ್ಸಿಗೆ ನೋಟಿಸು ಕೊಟ್ಟಂತೆ.

ಇನ್ನೊಂದು ಗುಂಪು ಇನ್ನೂ ದೊಡ್ಡದು, ಇನ್ನೂ ಓದಿಕೊಂಡದ್ದು. ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯ 2013ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬರೆದ ಲೇಖನ ಇಂದಿಗೂ ಈ ಗುಂಪಿಗೆ ಆಧಾರ. ಅವರ ವಾದ ಸಾರಾಂಶದಲ್ಲಿ ಇಷ್ಟು: ಶಿಶು ಮರಣ ತಡೆಯುವುದರಲ್ಲಿ, ಆಯುಸ್ಸಿನಲ್ಲಿ ಸಹಾರಾದಾಚೆಯ ಆಫ್ರಿಕಾಕ್ಕಿಂತ ಮುಂದಿರುವ ಭಾರತ, ಅದರಲ್ಲೂ ಸೆನೆಗಲ್‌ಗಿಂತ ಎಷ್ಟೋ ಮುಂದಿರುವ ಕೇರಳ, ಮಕ್ಕಳ ಎತ್ತರ ತೂಕದಲ್ಲಿ ಮಾತ್ರ ಹಿಂದೆ ಬೀಳುವುದೆಂದರೆ ತಪ್ಪು ಮಕ್ಕಳದ್ದಲ್ಲ, ಅಳತೆಗೋಲಿನದ್ದು. ಜಗತ್ತಿನ ಮಕ್ಕಳೆಲ್ಲ ಸರಿಯಾಗಿ ಉಂಡರೆ ಒಂದೇ ಎತ್ತರಕ್ಕೆ ಬೆಳೆಯುತ್ತಾರೆಂದು ನಂಬುವ ಗೋಲು ನಮ್ಮ ಕುಳ್ಳತನವನ್ನು ಹಸಿವೆಂದು ಓದುತ್ತಿದೆ. ವಾದ ಚುರುಕಾಗಿದೆ. ಉತ್ತರಗಳೂ ಸಾಕಷ್ಟು ಬಂದವು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡ ಅಮೆರಿಕದ ಮಕ್ಕಳನ್ನಷ್ಟೇ ನೋಡಿ ಬರೆದದ್ದಲ್ಲ. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕಗಳ ಜೊತೆಗೆ ದಕ್ಷಿಣ ದೆಹಲಿಯ ಉಳ್ಳವರ ಮಕ್ಕಳನ್ನೂ ಅಳೆದು ಬರೆದದ್ದು. ಆ ಮಕ್ಕಳು ಉಳಿದವರ ಸಮಕ್ಕೆ ಬೆಳೆದಿದ್ದರು. ಮುಂದೆ ಅರ್ಥಶಾಸ್ತ್ರಜ್ಞರಾದ ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ತೋರಿಸಿದ್ದು ನನಗೆ ಇನ್ನೂ ಗಟ್ಟಿ ಉತ್ತರ: ಭಾರತದಲ್ಲಿ ಚೊಚ್ಚಲ ಗಂಡುಮಗು ಆಫ್ರಿಕಾದ ಮಗುವಿಗಿಂತ ಕುಳ್ಳಗಿಲ್ಲ, ಅಂತರ ಶುರುವಾಗುವುದು ಆಮೇಲಿನ ಮಕ್ಕಳಲ್ಲಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರ ರಕ್ತ ಸರದಿ ನೋಡಿ ಬದಲಾಗುವುದಿಲ್ಲವಲ್ಲ.

ಈ ಜಗಳ ಇಲ್ಲಿಗೆ ಮುಗಿಯಬೇಕಿತ್ತು, ಮುಗಿದಿಲ್ಲ. ಸೂಚ್ಯಂಕ ಬಂದಾಗಲೆಲ್ಲ ಗೋಲು ವಿದೇಶಿ ಎಂಬ ಅಂಕಣ ಬರುತ್ತದೆ. ನನಗೆ ಬೇಸರ ಬರುವುದು ಆ ವಾದಕ್ಕಲ್ಲ, ಅದರ ಬೆನ್ನಿಗೇ ಅದೇ ಅಂಕಣದಲ್ಲಿ ಟ್ರ್ಯಾಕರ್‌ನ 7.2 ಹಾಜರಾಗುವುದಕ್ಕೆ. ಸ್ವಾಮಿ, ಟ್ರ್ಯಾಕರ್ ಅಳೆಯುವುದೂ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಗೋಲಿನಲ್ಲಿಯೇ. ಗೋಲು ಕೆಟ್ಟದ್ದಾದರೆ 19.3ರ ಜೊತೆಗೆ 7.2 ಕೂಡ ಹೋಗುತ್ತದೆ. ಗೋಲು ಒಳ್ಳೆಯದಾದರೆ ಎರಡರ ನಡುವಿನ ಹನ್ನೆರಡು ಅಂಶದ ಅಂತರಕ್ಕೆ ಲೆಕ್ಕ ಕೊಡಬೇಕು. ಎರಡೂ ಕಡೆಯ ತಟ್ಟೆಯಿಂದ ಉಣ್ಣುವುದಾಗದು. ಪನಗಾರಿಯ ಅವರ ವಿರೋಧಿಗಳನ್ನೂ ನಾನು ಪೂರ್ತಿ ಬಿಡಲಾರೆ. ಗೋಲನ್ನು ಕಾಪಾಡುವ ಭರದಲ್ಲಿ ಗೋಲು ಹಿಡಿದ ಕೈಯನ್ನು ಅವರೂ ನೋಡಲಿಲ್ಲ.

ಆ್ಯಪ್‌ನ ಪರವಾಗಿ ಹೇಳಬೇಕಾದ್ದು ಇದೆ, ಹೇಳಿಬಿಡುತ್ತೇನೆ. ಹನ್ನೊಂದು ರಿಜಿಸ್ಟರು ಬರೆದು ಕೈಸೋತವರಿಗೆ ಅದು ನೆಮ್ಮದಿ. ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ ಹೋಗುವ ಸಂಸಾರದ ಮಗುವಿನ ಹೆಸರನ್ನು ಇನ್ನೊಂದು ಕೇಂದ್ರಕ್ಕೆ ಸರಿಸಲು ಬರುತ್ತದೆ. ಹಾಜರಿ ಪುಸ್ತಕವಾಗಿ ಟ್ರ್ಯಾಕರ್ ಚೆನ್ನಾಗಿದೆ. ಎಷ್ಟು ಕೇಂದ್ರ ತೆರೆದಿವೆ, ಎಷ್ಟು ಮಕ್ಕಳು ಬಂದರು, ಪುಷ್ಟಿ ಆಹಾರದ ಪ್ಯಾಕೆಟ್ಟು ಎಷ್ಟು ಹಂಚಿದರು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಧನ ಇದುವರೆಗೆ ನಮ್ಮಲ್ಲಿರಲಿಲ್ಲ.

ತೂಕ ಮಾತ್ರ ಹಾಜರಿಯಲ್ಲ. ತೂಕ ಯಾತಕ್ಕೆ ಎಂಬುದನ್ನೇ ನಾವು ಮರೆತಿದ್ದೇವೆ ಅನ್ನಿಸುತ್ತದೆ. ನೈಜೀರಿಯಾದ ಇಮೆಸಿ ಎಂಬ ಹಳ್ಳಿಯಲ್ಲಿ ಡೇವಿಡ್ ಮಾರ್ಲಿ ಎಂಬ ಇಂಗ್ಲಿಷ್ ವೈದ್ಯ ಹೋದ ಶತಮಾನದ ನಡುಭಾಗದಲ್ಲಿ ಬೆಳವಣಿಗೆಯ ಚಾರ್ಟನ್ನು ಹಳ್ಳಿಯ ಬಳಕೆಗೆ ತಂದರು. ಚಾರ್ಟು ತಾಯಿಯ ಬಳಿ ಇರಬೇಕು, ತೂಕವಾದೊಡನೆ ಚುಕ್ಕಿ ಇಡಬೇಕು, ಚುಕ್ಕಿಗಳನ್ನು ಸೇರಿಸಿದ ಗೆರೆ ಏರುತ್ತಿದೆಯೋ ಮಲಗಿದೆಯೋ ಇಳಿಯುತ್ತಿದೆಯೋ ಎಂದು ಅಲ್ಲೇ ಮಾತಾಡಬೇಕು. ಮಗು ಯಾವ ಬಣ್ಣದಲ್ಲಿದೆ ಎನ್ನುವುದಕ್ಕಿಂತ ಗೆರೆ ಯಾವ ಕಡೆ ಹೊರಟಿದೆ ಎನ್ನುವುದು ಅಲ್ಲಿ ಮುಖ್ಯ. ನಮ್ಮ ತಾಯಿ ಕಾರ್ಡಿನೊಳಗಿನ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು ಆ ಚಾರ್ಟಿನ ವಂಶದವೇ. 1980ರಲ್ಲಿ ತಮಿಳುನಾಡು ಶುರುಮಾಡಿದ ಪೌಷ್ಟಿಕ ಯೋಜನೆಯಂತೂ ಇದನ್ನೇ ನೆಚ್ಚಿತ್ತು: ತಿಂಗಳ ತೂಕದಲ್ಲಿ ಏರಿಕೆ ನಿಂತ ಮಗುವಿಗೆ ಕೆಲವು ತಿಂಗಳು ಹೆಚ್ಚುವರಿ ಉಣಿಸು, ಗೆರೆ ಮೇಲೆದ್ದ ಮೇಲೆ ನಿಲ್ಲಿಸುವುದು.

ಟ್ರ್ಯಾಕರ್ ಕೆಡಿಸಿದ್ದು ಈ ಗೆರೆಯನ್ನು. ಒಂದು ಉದಾಹರಣೆ ಹಾಕಿ ನೋಡೋಣ. ಎರಡು ವರ್ಷದ ಹುಡುಗಿಯ ನಡುಮಟ್ಟದ ತೂಕ 11.5 ಕಿಲೋ. ನಮ್ಮ ಹುಡುಗಿ ಸರಿಯಾಗಿ ಅಷ್ಟೇ ಇದ್ದಾಳೆ. ಆಮೇಲೆ ತಮ್ಮ ಹುಟ್ಟಿದ, ಮೊಲೆಹಾಲು ಬಿಟ್ಟಿತು, ಮಳೆಗಾಲದಲ್ಲಿ ಎರಡು ಸಲ ಭೇದಿಯಾಯಿತು. ಮೂರು ತುಂಬುವಾಗ ಅವಳ ತೂಕ 11. ವರ್ಷದಲ್ಲಿ ಎರಡೂವರೆ ಕಿಲೋ ಏರಬೇಕಾದವಳು ಅರ್ಧ ಕಿಲೋ ಇಳಿದಿದ್ದಾಳೆ. ಕಾರ್ಡಿನಲ್ಲಿ ಗೆರೆ ಕಣ್ಣಿಗೆ ಹೊಡೆಯುವಂತೆ ಕೆಳಗೆ ಬಿದ್ದಿರುತ್ತದೆ. ಅಕ್ಷರ ಬಾರದ ಅಜ್ಜಿಗೂ ಅರ್ಥವಾಗುತ್ತದೆ. ಆದರೆ ಗಡಿ 10.8 ಆದ್ದರಿಂದ ವಯಸ್ಸಿಗೆ ತಕ್ಕ ತೂಕದ ಪಟ್ಟಿಯಲ್ಲಿ ಅವಳು ‘ಸಾಮಾನ್ಯ’. ತಿಂಗಳ ಕೊನೆಗೆ ದೆಹಲಿಗೆ ಹೋಗುವುದು ಆ ಪದ. ಗ್ರಾಫು ಆ್ಯಪ್‌ನೊಳಗೆ ಎಲ್ಲೋ ಇರಬಹುದು, ಯಾರೂ ಅದನ್ನು ಕೇಳುವುದಿಲ್ಲ, ಸಭೆಯಲ್ಲಿ ಕೇಳುವುದು ಸ್ಯಾಮ್ (ತೀವ್ರ ಅಪೌಷ್ಟಿಕತೆ) ಎಷ್ಟು, ಮ್ಯಾಮ್ (ಮಧ್ಯಮ ಅಪೌಷ್ಟಿಕತೆ) ಎಷ್ಟು ಎಂದು. ಇನ್ನೊಂದು ಕಡೆ ಹುಟ್ಟಿನಿಂದಲೇ ಕಡಿಮೆ ತೂಕದ, ಆದರೆ ಪ್ರತಿ ತಿಂಗಳೂ ಗೆರೆಗೆ ಸಮಾನಾಂತರವಾಗಿ ಏರುತ್ತಿರುವ ಮಗು ಹಳದಿಯಲ್ಲೇ ಉಳಿದು ಟೀಚರಿಗೆ ಬೈಗುಳ ತರುತ್ತದೆ. ಬೀಳುತ್ತಿರುವ ಮಗುವಿಗೆ ಶಾಂತಿ, ಏಳುತ್ತಿರುವ ಮಗುವಿಗೆ ತನಿಖೆ.

ಬೆಳವಣಿಗೆ ಚಾರ್ಟಿನ ಭಕ್ತನಂತೆ ಮಾತಾಡುತ್ತಿದ್ದೇನೆ ಎಂದು ಯಾರಾದರೂ 1993ರ ಲ್ಯಾನ್ಸೆಟ್ ಲೇಖನವನ್ನು ಮುಂದಿಡಬಹುದು. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಚಾರ್ಟು ಇಟ್ಟು ಒಂದಷ್ಟು, ಚಾರ್ಟಿಲ್ಲದೆ ಬರೀ ಸಲಹೆ ಸೇವೆ ಕೊಟ್ಟು ಇನ್ನೊಂದಷ್ಟು ಊರುಗಳನ್ನು ಹೋಲಿಸಿದಾಗ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬ ಅಧ್ಯಯನ ಅದು. ಒಪ್ಪುತ್ತೇನೆ. ತೂಗಿದ ಮಾತ್ರಕ್ಕೆ ಮಗು ಬೆಳೆಯುವುದಿಲ್ಲ. ಆದರೆ ಆ ಅಧ್ಯಯನದಲ್ಲಿ ಎರಡೂ ಕಡೆ ತಾಯಂದಿರ ಜೊತೆ ಕೂತು ಮಾತಾಡುವವರಿದ್ದರು. ಇವತ್ತಿನ ಕೇಂದ್ರದಲ್ಲಿ ಸರ್ವರ್ ತೆರೆಯುವುದನ್ನು ಕಾಯುವ ಟೀಚರಿಗೆ ಆ ಮಾತಿಗೇ ಹೊತ್ತಿಲ್ಲ. ತೂಕದಿಂದ ಸಿಗಬಹುದಾಗಿದ್ದ ಒಂದೇ ಲಾಭ, ತಾಯಿಯ ಜೊತೆಗಿನ ಐದು ನಿಮಿಷ, ಅದೂ ಕೈಬಿಟ್ಟಿದೆ.

ಅಳೆಯುವವರನ್ನು ಬೇರೆ ಇಟ್ಟ ವ್ಯವಸ್ಥೆಯೊಂದು ನಮ್ಮಲ್ಲೇ ಇದೆ, 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ; ಅದರ ಬಗ್ಗೆ ಎರಡು ಮಾತು. ವರ್ಷಕ್ಕೆ ಎರಡು ಸಲ ಸಂಚಾರಿ ತಂಡ ಅಂಗನವಾಡಿಗೆ ಬಂದು ಹುಟ್ಟುದೋಷ, ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿನ ವಿಳಂಬ ಎಂದು ನಾಲ್ಕು ಬಗೆಯಲ್ಲಿ ಮಕ್ಕಳನ್ನು ನೋಡಬೇಕು. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸು, ಒಬ್ಬ ಫಾರ್ಮಸಿಸ್ಟು. ಕಲ್ಪನೆ ಟ್ರ್ಯಾಕರ್‌ಗಿಂತ ಪ್ರೌಢವಾದದ್ದು, ಯಾಕೆಂದರೆ ಅಳೆಯುವವರು ಬೇರೆ, ಮಗುವನ್ನು ಸಾಕುವ ಕೇಂದ್ರ ಬೇರೆ. ಸೀಳು ತುಟಿಯ, ಹೃದಯದಲ್ಲಿ ರಂಧ್ರವಿರುವ ಎಷ್ಟೋ ಮಕ್ಕಳು ಶಸ್ತ್ರಚಿಕಿತ್ಸೆಯ ಮೇಜಿಗೆ ತಲುಪಿದ್ದು ಈ ದಾರಿಯಲ್ಲಿಯೇ. ಪ್ರಶಸ್ತಿ ಪಟ್ಟಿಯಲ್ಲಿ ಇದರ ಹೆಸರು ಅಷ್ಟಾಗಿ ಕೇಳುವುದಿಲ್ಲ, ತಿಂಗಳಿಗೊಮ್ಮೆ ಹೊಳೆಯುವ ಅಂಕಿ ಅದು ಕೊಡುವುದಿಲ್ಲವಲ್ಲ.

7.2 ನಿಜವೇ ಇರಬಹುದೇ? ಪರೀಕ್ಷಿಸುವುದು ಕಷ್ಟವಲ್ಲ. ಕೆಟ್ಟ ಅಳತೆ ಗುರುತು ಬಿಟ್ಟುಹೋಗುತ್ತದೆ. ಕಣ್ಣಂದಾಜಿನಲ್ಲಿ ಬರೆದ ಎತ್ತರಗಳೆಲ್ಲ ಸೊನ್ನೆ ಅಥವಾ ಐದರಲ್ಲಿ ಮುಗಿಯುತ್ತವೆ. ಹೋದ ತಿಂಗಳ ತೂಕಕ್ಕೆ ನೂರೋ ಇನ್ನೂರೋ ಗ್ರಾಂ ಕೂಡಿಸಿ ಬರೆದ ತೂಕಗಳಿಗೆ ಮಳೆಗಾಲದ ಭೇದಿ ತಟ್ಟುವುದಿಲ್ಲ, ಅವು ಹನ್ನೆರಡು ತಿಂಗಳೂ ನಯವಾಗಿ ಏರುತ್ತವೆ. ಒಳ್ಳೆಯ ಅಳತೆಯಲ್ಲಿ ಮಕ್ಕಳು ನಡುಮಟ್ಟದ ಆಚೀಚೆ ಎಷ್ಟು ಹರಡಿರಬೇಕು ಎಂಬುದಕ್ಕೂ ಒಪ್ಪಿತ ಮಿತಿಯಿದೆ. ಹೆಸರು ತೆಗೆದು ಒಂದು ಜಿಲ್ಲೆಯ ಒಂದು ವರ್ಷದ ಕಚ್ಚಾ ಅಳತೆಗಳನ್ನು ಸಚಿವಾಲಯ ಹೊರಗಿಟ್ಟರೆ ಯಾವುದೇ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗ ವಾರದಲ್ಲಿ ಉತ್ತರ ಹೇಳೀತು. ನೂರಕ್ಕೆ ಒಂದು ಮಗುವನ್ನು ಮರುದಿನ ಬೇರೆ ಇಬ್ಬರು ಬರಿಮೈಯಲ್ಲಿ ಅಳೆದರೂ ಸಾಕು. ಡ್ಯಾಶ್‌ಬೋರ್ಡು ಜನರ ಮುಂದಿಡುವುದು ಮಾತ್ರ ಕೂಡಿಸಿ ಭಾಗಿಸಿದ ಶೇಕಡಾವಾರು.

ಮರುಪರೀಕ್ಷೆ ಮಾಡಿಸುವ ಶಕ್ತಿ ಇಲಾಖೆಗಿಲ್ಲ ಎನ್ನುವಂತಿಲ್ಲ. 2025ರ ಜುಲೈಯಿಂದ ಮನೆಗೆ ಒಯ್ಯುವ ಆಹಾರದ ಪ್ಯಾಕೆಟ್ಟು ಪಡೆಯಲು ಫಲಾನುಭವಿಯ ಮುಖ ಕ್ಯಾಮೆರಾದಲ್ಲಿ ಹೊಂದಲೇಬೇಕು ಎಂಬ ನಿಯಮ ಬಂದಿದೆ. ಬಾಣಂತಿ ಕಣ್ಣು ಮಿಟುಕಿಸಿ, ಮುಸುಕು ಸರಿಸಿ, ಬೆಳಕಿಗೆ ತಿರುಗಿ ತಾನು ತಾನೇ ಎಂದು ರುಜುವಾತು ಮಾಡಬೇಕು. ಅವಳ ಮಗು 87 ಸೆಂಟಿಮೀಟರೋ 85 ಸೆಂಟಿಮೀಟರೋ ಎಂದು ಎರಡನೇ ಸಲ ಕೇಳುವ ಗುಂಡಿ ಆ ಆ್ಯಪ್‌ನಲ್ಲಿ ನನಗೆ ಕಂಡಿಲ್ಲ.